ಯಂತ್ರವಿಚಾರ: ಮನೆಯನ್ನು ಹೊತ್ತ ಬಂಡಿ

ಅಮೆರಿಕದ ಕೊಲೊರಾಡೊ ಸಂಸ್ಥಾನದ ಡೆನ್ವರ್ ಪಟ್ಟಣದಲ್ಲಿ ಸಂಸಾರವಾಗಿರುವ ನಮ್ಮ ಸೋದರಳಿಯನು ಕಳೆದ ವರ್ಷ ನಮಗೆ ಬರೆದ ಕಾಗದದಲ್ಲಿ ತನ್ನ ಪಿಕಪ್ ಬಂಡಿಯ ಮೇಲಿನ ದೂರನ್ನೇ ಎರಡು ಪುಟ ತುಂಬಿಸಿದ್ದನು. ಪಿಕಪ್ ಎಂಬುದು ಮುಂದೆ ಕೂರುವ ಕೋಣೆಯೂ ಹಿಂದೆ ಸಾಮಾನು ಹೇರಲು ತೆರೆದ ತೊಟ್ಟಿಯೂ ಉಳ್ಳ ಸಣ್ಣ ಲಾರಿ. ಆ ದೇಶದವರು ರಜಾಕಾಲದಲ್ಲಿ ಹಾಸಿಗೆ, ಒಲೆ, ನೀರಿನ ಪೀಪಾಯಿ ಸಮೇತವಾದ ಪುಟ್ಟ ಮನೆಯೊಂದನ್ನು ಈ ತೊಟ್ಟಿಯ ಮೇಲೆ ಕೂರಿಸಿಕೊಂಡು ಹೆಂಡಿರು ಮಕ್ಕಳೊಡನೆ ಬೆಟ್ಟಗಾಡಿಗೆ ಹೊರಡುವರು. ಅದಕ್ಕೆ ಕ್ಯಾಂಪರ್ ಎಂದು ಹೆಸರು. ಕಲ್ಲುದಾರಿಯಲ್ಲಿ ಬಂಡಿಯ ಹೊಟ್ಟೆ ನೆಲಕ್ಕೆ ತಾಗದಿರಲೆಂದು ನಮ್ಮ ಹುಡುಗನು ಅದನ್ನು ನಾಲ್ಕು ಅಂಗುಲ ಎತ್ತರಿಸಿ, 32 ಅಂಗುಲ ವ್ಯಾಸದ ಟೈರುಗಳನ್ನು ತೆಗೆಸಿ 35 ಅಂಗುಲದವನ್ನು ಹಾಕಿಸಿದ್ದನು. ಅಂದಿನಿಂದ ಏರನ್ನು ಕಂಡರೆ ಬಂಡಿಯು ಮುದಿ ಎತ್ತಿನಂತೆ ಮೊಂಡು ಹಿಡಿಯುತ್ತಿದ್ದಿತಂತೆ. “ಮಾವಾ, ಅಚ್ಚಿನ ಗೇರುಗಳನ್ನು ಬದಲಾಯಿಸಿದರೆ ಎಲ್ಲವೂ ಸರಿಹೋಗುತ್ತದೆ, ಇನ್ನಷ್ಟು ಸಾಮಾನನ್ನೂ ಹೇರಬಹುದು ಎನ್ನುತ್ತಾರೆ. ನಿಜವೇ?” ಎಂದು ಅವನ ಪ್ರಶ್ನೆ. ಮೊದಲನೆಯ ಮಾತು ಬಹುಮಟ್ಟಿಗೆ ನಿಜ. ಎರಡನೆಯದು ಪ್ರಾಣಕ್ಕೆ ಎರವಾಗತಕ್ಕ ಸುಳ್ಳು.

ಎಂಜಿನಿನ ತಿರುಗಾಟವು ಗೇರುಪೆಟ್ಟಿಗೆಯನ್ನು ಹಾದು, ಉದ್ದನೆಯ ದಂಡದ ಮೂಲಕ ಹಿಂದಿನ ಅಚ್ಚಿಗೆ ಬರುವುದಷ್ಟೆ. ಅಲ್ಲಿ ಚಿಕ್ಕದೊಂದು ಹಲ್ಲುಚಕ್ರವು ದೊಡ್ಡದೊಂದು ಹಲ್ಲುಬಳೆಯನ್ನು ತಿರುಗಿಸುತ್ತದೆ. ಬಳೆಗೆ 41 ಹಲ್ಲು, ಚಿಕ್ಕ ಚಕ್ರಕ್ಕೆ 11 ಹಲ್ಲು ಇದ್ದರೆ, ಗಾಲಿಯು ಒಂದು ಸುತ್ತು ಬರಲು ದಂಡವು 3.73 ಸುತ್ತು ತಿರುಗಬೇಕು. ಈ ಸಂಖ್ಯೆಯೇ ಅಚ್ಚಿನ ಪ್ರಮಾಣ. ಬಂಡೆಯನ್ನು ಮೀಟುವ ಹಾರೆಯು ಉದ್ದವಾದಷ್ಟೂ ತೋಳಿಗೆ ಹಗುರವಾಗುವುದಲ್ಲವೇ? ಸಂಖ್ಯೆಯು ದೊಡ್ಡದಾದಷ್ಟೂ ಎಂಜಿನಿನ ಕೈಯಲ್ಲಿರುವ ಹಾರೆಯು ಉದ್ದ. ಆದರೆ ಉದ್ದವಾದ ಹಾರೆಯನ್ನು ಹೆಚ್ಚು ದೂರ ಒತ್ತಬೇಕಾಗುವಂತೆ ಎಂಜಿನೂ ಹೆಚ್ಚು ಸುತ್ತು ತಿರುಗಬೇಕಾಗುತ್ತದೆ.

ದೊಡ್ಡ ಟೈರನ್ನು ಹಾಕಿದವನು ತನಗೆ ಅರಿವಿಲ್ಲದೆಯೇ ಈ ಹಾರೆಯನ್ನು ಮೊಟಕುಮಾಡಿದಂತಾಯಿತು. 35 ಅಂಗುಲದ ಟೈರು ಒಂದು ಸುತ್ತಿಗೆ ಶೇಕಡ 9ಕ್ಕೂ ಹೆಚ್ಚು ದೂರ ಉರುಳುವುದರಿಂದ, 3.73ರ ಅಚ್ಚು 3.41ರಂತೆ ವರ್ತಿಸುತ್ತದೆ. ವೇಗದ ಮುಳ್ಳು ಕೂಡ ಮೋಸಮಾಡುವುದು: ಅದು 60 ಮೈಲಿ ತೋರುವಾಗ ಬಂಡಿಯು 65ನ್ನು ಮೀರಿ ಓಡುತ್ತಿರುತ್ತದೆ. ಗಂಟೆಗೆ 65 ಮೈಲಿಯಲ್ಲಿ, 0.7 ಪ್ರಮಾಣದ ಮೇಲಿನ ಗೇರಿನಲ್ಲಿ, ಮೊದಲು ನಿಮಿಷಕ್ಕೆ ಸುಮಾರು 1,780 ಸುತ್ತು ತಿರುಗುತ್ತಿದ್ದ ಎಂಜಿನು ಈಗ 1,630ಕ್ಕೆ ಇಳಿಯಿತು. ಸುತ್ತು ಕಡಿಮೆಯಾದರೆ ಪೆಟ್ರೋಲು ಉಳಿಯುವುದೆಂದು ಹಿಗ್ಗುವವರುಂಟು. ಮನೆಯನ್ನು ಹೊತ್ತ ಬಂಡಿಗೆ ಆ ಗೇರಿನಲ್ಲಿ ನಿಲ್ಲುವುದೇ ಸಾಧ್ಯವಾಗದು. ಸಣ್ಣ ದಿಬ್ಬ ಬಂದರೂ ಕೆಳಗಿನ ಗೇರಿಗೆ ಬೀಳುವುದು, ಮತ್ತೆ ಮೇಲಕ್ಕೆ ಏರುವುದು. ಈ ಹೊಯ್ದಾಟದಲ್ಲಿ ಗೇರುಪೆಟ್ಟಿಗೆಯ ಎಣ್ಣೆಯು ಕಾದು ಕೆಡುತ್ತದೆ.

ಡೆನ್ವರ್ ಪಟ್ಟಣವು ಸಮುದ್ರಮಟ್ಟಕ್ಕೆ 5,280 ಅಡಿ ಮೇಲಿದೆ. ಅಲ್ಲಿಂದ ಪಶ್ಚಿಮಕ್ಕೆ ಹೋಗುವ ಹೆದ್ದಾರಿಯು 1973ರಲ್ಲಿ ತೆರೆದ ಐಸೆನ್‌ಹೋವರ್ ಸುರಂಗದ ಬಳಿ 11,000 ಅಡಿಯನ್ನು ಮೀರುತ್ತದೆ. ಆ ತೆಳುಗಾಳಿಯಲ್ಲಿ ಸಾಧಾರಣ ಪೆಟ್ರೋಲು ಎಂಜಿನು ತನ್ನ ಶಕ್ತಿಯಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು ಕಳೆದುಕೊಳ್ಳುವುದು. ಸುರಂಗದ ಆಚೆಯ ಇಳಿಜಾರು ನೂರಕ್ಕೆ ಏಳು. ಹಿಂದಿರುಗುವಾಗ ಅದೇ ಏರು. 10,000 ಪೌಂಡಿನ ಬಂಡಿಯನ್ನು ಆ ಏರು 700 ಪೌಂಡು ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಗಂಟೆಗೆ 50 ಮೈಲಿಯಂತೆ ಹತ್ತಲು ಅದೊಂದಕ್ಕೇ 93 ಕುದುರೆಗಳ ಶಕ್ತಿ ಬೇಕು. ಗಾಳಿಯ ತಡೆ ಬೇರೆ. ಯಾವ ಹಲ್ಲುಚಕ್ರವೂ ಹೊಸದಾಗಿ ಒಂದು ಕುದುರೆಯನ್ನಾದರೂ ಹುಟ್ಟಿಸಲಾರದು. ಇರುವ ಕುದುರೆಗಳನ್ನು ಸರಿಯಾದ ನೊಗಕ್ಕೆ ಹೂಡಬಲ್ಲದು, ಅಷ್ಟೆ.

ಹಾಗಾದರೆ ಯಾವ ಪ್ರಮಾಣವನ್ನು ಆರಿಸತಕ್ಕದ್ದು? 4.10 ಹಾಕಿಸಿದರೆ ಟೈರಿನಿಂದ ಕಳೆದುದು ಮಾತ್ರ ಮರಳಿ ಬರುವುದು. ಕ್ಯಾಂಪರಿನ ಭಾರಕ್ಕೂ ಅದು ಗಾಳಿಗೆ ಒಡ್ಡುವ ಅಗಲವಾದ ಎದೆಗೂ ಏನೂ ಸಿಕ್ಕಿದಂತಾಗಲಿಲ್ಲ. ಆದಕಾರಣ ಇನ್ನೊಂದು ಮೆಟ್ಟಿಲು ಏರಿ 4.56ನ್ನು, ಅಂದರೆ 41ಕ್ಕೆ 9 ಹಲ್ಲಿನದನ್ನು, ಹಾಕಿಸೆಂದು ಬರೆದೆವು. ಆಗ 65 ಮೈಲಿಯಲ್ಲಿ ಎಂಜಿನು ಸುಮಾರು 1,990 ಸುತ್ತು ತಿರುಗುವುದು. ಬರಿದಾದ ಬಂಡಿಯು ಬಯಲಿನಲ್ಲಿ ಕೊಂಚ ಹೆಚ್ಚು ಪೆಟ್ರೋಲು ಕುಡಿದೀತು. ಅದಕ್ಕೆ ಪ್ರತಿಯಾಗಿ ಏರಿನಲ್ಲಿ ಗೇರುಪೆಟ್ಟಿಗೆಗೆ ಒತ್ತಡ ತಗ್ಗುವುದು. ಇಳಿಜಾರಿನಲ್ಲಿ ಕೆಳಗೇರು ಹಿಡಿದರೆ ಎಂಜಿನು ಹಿಂದಿಗಿಂತ ಬಲವಾಗಿ ಬಂಡಿಯನ್ನು ತಡೆಹಿಡಿಯುವುದು.

ನಾಲ್ಕು ಗಾಲಿಗೂ ಎಳೆತವಿರುವ ಬಂಡಿಯಲ್ಲಿ ಹಿಂದಿನ ಅಚ್ಚೊಂದನ್ನೇ ಬದಲಾಯಿಸಕೂಡದು. ಮುಂದಿನದು ಒಂದು ಪ್ರಮಾಣ, ಹಿಂದಿನದು ಇನ್ನೊಂದಾದರೆ, ಎರಡನ್ನೂ ಕೂಡಿಸಿ ಓಡಿಸಿದ ಕೂಡಲೆ ಒಂದನ್ನೊಂದು ಹಿಡಿದೆಳೆದು ಏನಾದರೊಂದು ಮುರಿಯುವುದು. ಖರ್ಚು ಇಮ್ಮಡಿಯಾಗುವುದು ಇಲ್ಲಿಯೇ.

ಇನ್ನು ಕೆಲಸದ ನಯ. ಚಿಕ್ಕ ಚಕ್ರವು ಎಷ್ಟು ಒಳಸರಿದು ಕೂರಬೇಕೆಂಬುದನ್ನು ಕಾಗದದಷ್ಟು ತೆಳುವಾದ ಉಕ್ಕಿನ ಬಿಲ್ಲೆಗಳನ್ನಿಟ್ಟು ಗೊತ್ತುಮಾಡುವರು. ಎರಡರ ಹಲ್ಲುಗಳ ನಡುವಣ ಸಡಿಲವು ಸಾಧಾರಣವಾಗಿ ಅಂಗುಲದ ಸಾವಿರದಲ್ಲಿ ಆರರಿಂದ ಹತ್ತು ಭಾಗ. ಹಲ್ಲುಗಳಿಗೆ ಹಳದಿ ಲೇಪವನ್ನು ಬಳಿದು ತಿರುಗಿಸಿ, ಉಜ್ಜಿದ ಗುರುತು ಹಲ್ಲಿನ ನಡುವೆ ಬಿದ್ದಿದೆಯೇ ಎಂದು ನೋಡುವರು. ತುದಿಗೋ ಬುಡಕ್ಕೋ ಬಿದ್ದರೆ ಬಿಚ್ಚಿ ಮತ್ತೆ ಬಿಲ್ಲೆ ಬದಲಾಯಿಸಬೇಕು. ಅಕ್ಕಸಾಲಿಗನ ತಾಳ್ಮೆ ಬೇಕಾದ ಕೆಲಸ. ನಮ್ಮ ಹುಡುಗನು ಮೊದಲು ಒಪ್ಪಿಸಿದ ಕಾರ್ಖಾನೆಯವರಲ್ಲಿ ಆ ತಾಳ್ಮೆ ಇದ್ದಂತೆ ತೋರಲಿಲ್ಲ. 50 ಮೈಲಿ ವೇಗ ತಲುಪಿದೊಡನೆ ಹಿಂದಿನ ಅಚ್ಚು ನರಿಯಂತೆ ಊಳಿಡಲಾರಂಭಿಸಿತು. “ಹೊಸತರಲ್ಲಿ ಹಾಗೆಯೇ, ಸವೆದರೆ ಅಡಗುತ್ತದೆ” ಎಂದು ಅವರು ಸಮಾಧಾನ ಹೇಳಿದರಂತೆ. ಅಡಗಲಿಲ್ಲ. ಬೇರೊಬ್ಬ ಕೆಲಸಗಾರನು ಬಿಚ್ಚಿ ನೋಡಿದಾಗ ಗುರುತು ಹಲ್ಲಿನ ಅಂಚಿಗೇ ಬಿದ್ದಿದ್ದಿತು. ಹೊಸ ಜೋಡಿಯನ್ನೇ ಕೊಳ್ಳಬೇಕಾಯಿತು. ಸರಿಯಾಗಿ ಕೂಡಿಸಿದ ಜೋಡಿಯನ್ನೂ ಮೊದಲ 500 ಮೈಲಿ ಭಾರ ಹೇರದೆ, ನಡುನಡುವೆ ಆರಗೊಟ್ಟು ಓಡಿಸಿ, ಎಣ್ಣೆಯನ್ನು ಬದಲಾಯಿಸತಕ್ಕದ್ದು. ಬಂಡಿಯ ಗಣಕಕ್ಕೆ ಹೊಸ ಟೈರು, ಹೊಸ ಪ್ರಮಾಣಗಳೆರಡನ್ನೂ ತಿಳಿಸಿದ ಮೇಲೆಯೇ ವೇಗದ ಮುಳ್ಳು ನಿಜ ನುಡಿಯುವುದು.

ಈಗ ಆ ಎರಡನೆಯ ಮಾತು. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯಲ್ಲಿ ಬಂಡಿಯ ಒಟ್ಟು ಭಾರದ ಮಿತಿಯನ್ನು ಬರೆದಿರುತ್ತದೆ. ಗೇರು ಬದಲಾಯಿತೆಂದು ಅದು ಒಂದು ಪೌಂಡೂ ಹೆಚ್ಚದು. ಬ್ರೇಕು, ಚೌಕಟ್ಟು, ಅಚ್ಚಿನ ಕೊಳವೆ, ಎಲ್ಲವೂ ಹಳೆಯವೇ. ಮೇಲಾಗಿ, ಎತ್ತರಿಸಿದ ಬಂಡಿಯ ಮೇಲೆ ಮನೆಯು ಕೂತಿರುವುದರಿಂದ ಭಾರದ ಕೇಂದ್ರವು ಮೇಲೇರಿ, ತಿರುವಿನಲ್ಲಿಯೂ ಅಡ್ಡಗಾಳಿಯಲ್ಲಿಯೂ ವಾಲುವುದು ಹೆಚ್ಚು. ಏರನ್ನು ಸಲೀಸಾಗಿ ಹತ್ತುವ ಬಂಡಿಯು ತನಗೆ ಭಾರವೇ ಇಲ್ಲವೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಇಳಿಯುವಾಗ ಬ್ರೇಕಿಗೆ ಆ ಭ್ರಮೆ ಇರದು.

ಹೆಂಡತಿ ಮಕ್ಕಳನ್ನೂ ಕೂರಿಸಿಕೊಂಡು, ಪ್ರಯಾಣದ ದಿನ ಹೇಗೋ ಹಾಗೆಯೇ ತುಂಬಿ, ಲಾರಿಗಳನ್ನು ತೂಗುವ ತಕ್ಕಡಿಯ ಮೇಲೆ ನಿಲ್ಲಿಸೆಂದು ಬರೆದೆವು. ಚೀಟಿಯ ಮಿತಿ 10,000 ಪೌಂಡು. ತಕ್ಕಡಿ ತೋರಿದ್ದು 10,420. ಅಳಿಯನು ಪುನಃ ಪುನಃ ಎಣಿಸುತ್ತಾ ನಿಂತನಂತೆ. ನಮ್ಮ ಸೊಸೆಯೇ ಒಳಗೆ ಹೋಗಿ ಹುಡುಕಿದಳು. ಪೀಪಾಯಿಯಲ್ಲಿ 40 ಗ್ಯಾಲನ್ ನೀರು, ಅದೇ 334 ಪೌಂಡು. ಒಮ್ಮೆಯೂ ಬಳಸದ ವಿದ್ಯುತ್ ಯಂತ್ರವೊಂದು. ಒಂದು ಮೂಟೆ ಸೌದೆ. ಮೂರೂ ಇಳಿದ ಬಳಿಕ ತೂಕ 9,960. ಈಗ ಅವರು ನೀರನ್ನು ಬೀಡು ಬಿಡುವ ಊರಿನಲ್ಲಿಯೇ ತುಂಬಿಕೊಳ್ಳುವರು. ದಾರಿಯಲ್ಲಿ ಕಾಫಿಗೆಂದು ಒಂದು ತಂಬಿಗೆ ನೀರು ಮಾತ್ರ ಸೊಸೆಯ ಕಾಲ ಬಳಿ ಇರುತ್ತದೆ.