ತಲೆಯ ಹೊಟ್ಟು ಮತ್ತು ಬೇರೆ ಹಾಸಿಗೆ



ಕಳೆದ ಸಂಚಿಕೆಯಲ್ಲಿ ಮಳೆಗಾಲದ ಕಾಲ್ಬೆರಳ ಸಂದಿಯ ಹುಣ್ಣಿನ ವಿಷಯ ಬರೆದಿದ್ದೆನಷ್ಟೆ. ಅದನ್ನು ಓದಿದ ನಾಲ್ಕಾರು ಮಂದಿ ಸಂಘದ ಅರಿಸಿನ ಕುಂಕುಮದ ದಿನ ನನ್ನನ್ನು ಸುತ್ತುಗಟ್ಟಿ, "ಕಾಲಿನದಾಯಿತು, ತಲೆಯದು ಯಾವಾಗ?" ಎಂದು ಕೇಳಿದರು. ಎಲ್ಲರದೂ ಒಂದೇ ದೂರು, ಹೊಟ್ಟು. ಒಬ್ಬಾಕೆಗೆ ಮಗನದು, ಇನ್ನೊಬ್ಬಾಕೆಗೆ ಯಜಮಾನರದು. ತನ್ನದೇ ಎಂದು ಹೇಳಿದವರು ಒಬ್ಬರೂ ಇಲ್ಲ!

ಬರೆಯೋಣವೆಂದು ನಾನು ಗಟ್ಟಿ ಮನಸ್ಸು ಮಾಡಿದ್ದು ಮಾತ್ರ ಬೇರೆ ಕಾರಣಕ್ಕೆ. ನಮ್ಮ ಆಂಟಾಪ್ ಹಿಲ್ಲಿನ ಸರಕಾರಿ ಕ್ವಾರ್ಟರ್ಸಿನಲ್ಲಿ ಗದಗದ ಕಡೆಯ ಒಂದು ಸಂಸಾರವಿದೆ. ಗಂಡ ಹೆಂಡತಿ, ಇಬ್ಬರು ಮಕ್ಕಳು, ಒಬ್ಬ ಅಜ್ಜಿ, ಒಂದೂವರೆ ಕೋಣೆ. ದೊಡ್ಡ ಹುಡುಗಿ ಹತ್ತನೆಯ ತರಗತಿ. ಒಂದು ಸಂಜೆ ಹೋದಾಗ ಆಕೆಯ ಹಾಸಿಗೆಯನ್ನು ಬಾಗಿಲ ಬಳಿ, ಚಪ್ಪಲಿ ಬಿಡುವ ಜಾಗದ ಪಕ್ಕ ಹಾಸಿದ್ದರು. ದಿಂಬು, ಟವೆಲು, ಬಾಚಣಿಗೆ ಎಲ್ಲವೂ ಬೇರೆ. ಬಾಚಣಿಗೆಗೆ ಗುರುತಿಗೆಂದು ಕೆಂಪು ದಾರ. ಅಜ್ಜಿಯನ್ನು ಕೇಳಿದರೆ, "ನೋಡ ತಂಗಿ, ಅಕಿ ತಲಿ ತುಂಬ ಹೊಟ್ಟು ಐತಿ. ಒಬ್ಬರದು ಒಬ್ಬರಿಗೆ ಹತ್ತತೈತಿ. ಸಣ್ಣ ಹುಡುಗನ್ನ ನೋಡಬ್ಯಾಡೇನು?" ಎಂದರು. ಹುಡುಗಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಶಾಲೆಯ ನೀಲಿ ಸಮವಸ್ತ್ರದ ಹೆಗಲ ಮೇಲೆ ಬೀಳುತ್ತದೆಂದು ಕೊನೆಯ ಬೆಂಚಿನಲ್ಲಿ ಕೂರುತ್ತಾಳಂತೆ. ನಮ್ಮ ವಾರ್ಷಿಕೋತ್ಸವದ ಕೋಲಾಟದಲ್ಲೂ ಹೆಸರು ಕೊಡಲಿಲ್ಲ.

ಅಜ್ಜಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಚರ್ಮದ ಮೇಲೆ ಏನಾದರೂ ಬೆಳ್ಳಗೆ ಕಂಡರೆ ದೂರ ಇಡುವುದು ನಮ್ಮ ಜನಕ್ಕೆ ಬಹು ಹಳೆಯ ಅಭ್ಯಾಸ. ನಮ್ಮ ಮಗ್ಗುಲ ವಡಾಲದಲ್ಲೇ 1890ರಲ್ಲಿ ಸ್ಥಾಪನೆಯಾದ ಆಕ್ವರ್ಥ್ ಕುಷ್ಠರೋಗ ಆಸ್ಪತ್ರೆಯಿದೆ. ಮದ್ದೇ ಇಲ್ಲದ ಕಾಲದಲ್ಲಿ ರೋಗಿಗಳನ್ನು ಊರಿನಿಂದ ಬೇರೆ ಇಡಲು ಕಟ್ಟಿದ ಸ್ಥಳ. ಇಂದು ಕುಷ್ಠಕ್ಕೇ ಗುಳಿಗೆಗಳಿವೆ, ಪೂರ್ತಿ ವಾಸಿಯಾಗುತ್ತದೆ. ಹೀಗಿರುವಾಗ ಬರಿಯ ಹೊಟ್ಟಿಗೆ ಹುಡುಗಿಯನ್ನು ಬಾಗಿಲಿಗೆ ತಳ್ಳುವುದೆಂದರೇನು?

ಹೊಟ್ಟು ಅಂಟುರೋಗವಲ್ಲ. ಇದನ್ನು ದಪ್ಪಕ್ಷರದಲ್ಲಿ ಅಚ್ಚುಮಾಡಿ ಎಂದು ಸಂಪಾದಕರನ್ನು ಕೇಳಿಕೊಂಡಿದ್ದೇನೆ, ಅವರ ಚಿತ್ತ.

ಹಾಗಾದರೆ ಇದು ಏನು? ನಮ್ಮ ನೆತ್ತಿಯ ಚರ್ಮ ಸುಮಾರು ತಿಂಗಳಿಗೊಮ್ಮೆ ಹೊಸದಾಗುತ್ತದೆ. ಹಳೆಯ ಪದರ ಕಣ್ಣಿಗೆ ಕಾಣದ ಧೂಳಾಗಿ ಉದುರಿ ಹೋಗುತ್ತದೆ. ಹೊಟ್ಟಿನ ತಲೆಯಲ್ಲಿ ಈ ಕೆಲಸ ಅವಸರದಲ್ಲಿ ನಡೆಯುತ್ತದೆ. ಬಲಿಯದ ಪದರಗಳು ಒಂದಕ್ಕೊಂದು ಅಂಟಿಕೊಂಡು, ಮೊರದಲ್ಲಿ ಅಕ್ಕಿ ಕೇರಿದಾಗ ಹಾರುವ ಹೊಟ್ಟಿನಂತೆ ಚಕ್ಕೆ ಚಕ್ಕೆಯಾಗಿ ಬೀಳುತ್ತವೆ. ಈ ಅವಸರಕ್ಕೆ ಮೂರು ಸಂಗತಿ ಕೂಡಬೇಕು. ನೆತ್ತಿಯ ಜಿಡ್ಡು, ಆ ಜಿಡ್ಡನ್ನು ತಿಂದು ಬದುಕುವ ಒಂದು ಸೂಕ್ಷ್ಮಜೀವಿ, ಮತ್ತು ಅದನ್ನು ಸಹಿಸದ ಚರ್ಮ. ಈ ಜೀವಿಯನ್ನು ಹೊಟ್ಟಿನ ಚಕ್ಕೆಗಳಲ್ಲಿ 1874ರಲ್ಲಿ ವರ್ಣಿಸಿದವನು ಫ್ರಾನ್ಸಿನ ಮಲಾಸ್ಸೆ ಎಂಬ ವಿಜ್ಞಾನಿ. ಆತನ ಹೆಸರಿನಿಂದಲೇ ಅದಕ್ಕೆ ಮಲಾಸೆಝಿಯಾ ಎನ್ನುತ್ತಾರೆ. ಬೇಕರಿಯವರು ಪಾವ್ ಉಬ್ಬಿಸಲು ಹಾಕುವ ಯೀಸ್ಟಿನ ದೂರದ ನೆಂಟ. ಇದರ ವಂಶವಾಹಿಗಳನ್ನು 2007ರಲ್ಲಿ ಪೂರ್ತಿ ಓದಿದಾಗ ಒಂದು ತಮಾಷೆ ಹೊರಬಿತ್ತು: ತನಗೆ ಬೇಕಾದ ಕೊಬ್ಬಿನಂಶವನ್ನು ಮಾಡಿಕೊಳ್ಳುವ ಶಕ್ತಿ ಇದಕ್ಕಿಲ್ಲ, ನಮ್ಮ ಜಿಡ್ಡೇ ಅದರ ಊಟ. ತಿಂದು ಉಳಿಸಿದ ಓಲೆಯಿಕ್ ಆಮ್ಲ ಕೆಲವರ ನೆತ್ತಿಯನ್ನು ಕೆರಳಿಸುತ್ತದೆ, ಕೆಲವರದನ್ನು ಕೆರಳಿಸುವುದಿಲ್ಲ. ಅಜ್ಜಿಯ ತಲೆಯಲ್ಲೂ, ನನ್ನ ತಲೆಯಲ್ಲೂ, ಇದನ್ನು ಓದುತ್ತಿರುವ ನಿಮ್ಮ ತಲೆಯಲ್ಲೂ ಆ ಜೀವಿ ಇದ್ದೇ ಇದೆ. ಎಲ್ಲರಲ್ಲೂ ಇರುವುದನ್ನು ಯಾರು ಯಾರಿಗೆ ಅಂಟಿಸಬೇಕು?

ಹರೆಯ ಬರುತ್ತಿದ್ದಂತೆ ಜಿಡ್ಡಿನ ಗ್ರಂಥಿಗಳು ಎಚ್ಚರಗೊಳ್ಳುತ್ತವೆ. ಹೊಟ್ಟು ಸಾಮಾನ್ಯವಾಗಿ ತಲೆಹಾಕುವುದೂ ಆ ವಯಸ್ಸಿನಲ್ಲಿಯೇ. ಪರೀಕ್ಷೆಯ ಚಿಂತೆ, ನಿದ್ದೆಗೇಡು, ಚಳಿಗಾಲ ಇವು ಅದನ್ನು ಹೆಚ್ಚಿಸುತ್ತವೆ. ಗಂಡಸರಿಗೆ ತುಸು ಹೆಚ್ಚೇ ಎನ್ನಬೇಕು.

ಇನ್ನು ಎಣ್ಣೆಯ ವಿಷಯ. ಇಲ್ಲಿ ನನಗೂ ಅಜ್ಜಿಗೂ ದೊಡ್ಡ ವಾದವಾಯಿತು. ತಲೆ ಒಣಗಿದ್ದರಿಂದಲೇ ಹೊಟ್ಟು ಎಂದು ಅವರು ದಿನಾ ರಾತ್ರಿ ಹುಡುಗಿಯ ನೆತ್ತಿಗೆ ಶೇಂಗಾ ಎಣ್ಣೆ ತಟ್ಟುತ್ತಿದ್ದರು. ಉದುರುವುದು ಒಣಗಿದಂತೆ ಕಾಣುತ್ತದೆ ನಿಜ, ಆದರೆ ಬಹುಪಾಲು ಹೊಟ್ಟಿನ ತಲೆ ಜಿಡ್ಡಿನ ತಲೆ. ಶೇಂಗಾ ಎಣ್ಣೆ, ಎಳ್ಳೆಣ್ಣೆ, ಈಗ ಬೆಲೆ ಕೊಟ್ಟು ತರುವ ಆಲಿವ್ ಎಣ್ಣೆ ಇವುಗಳಲ್ಲಿ ಮೇಲೆ ಹೇಳಿದ ಓಲೆಯಿಕ್ ಆಮ್ಲವೇ ಯಥೇಚ್ಛ. ರಾತ್ರಿಯಿಡೀ ಬಿಟ್ಟರೆ ಆ ಜೀವಿಗೆ ಮದುವೆಯೂಟ ಬಡಿಸಿದಂತೆ. ಕೊಬ್ಬರಿ ಎಣ್ಣೆಯಲ್ಲಿ ಅದು ಬಹಳ ಕಡಿಮೆ. ಆದ್ದರಿಂದ ಎಣ್ಣೆ ಬೇಕೇ ಬೇಕೆನ್ನುವವರು ಕೊಬ್ಬರಿ ಎಣ್ಣೆಯನ್ನು ಸ್ನಾನಕ್ಕೆ ಒಂದು ತಾಸು ಮುಂಚೆ ಹಚ್ಚಿ, ಚಕ್ಕೆ ಮೆತ್ತಗಾದ ಮೇಲೆ ಪೂರ್ತಿ ತೊಳೆದುಬಿಡಿ. ನರಕ ಚತುರ್ದಶಿಯ ಅಭ್ಯಂಜನವನ್ನು ನಾನು ಬಿಡಿಸುತ್ತಿಲ್ಲ, ಬೈಯಬೇಡಿ.

ಮುಂಬಯಿ ನೀರನ್ನು ದೂರುವವರೂ ಬಹಳ. "ಊರಲ್ಲಿ ಇರಲಿಲ್ಲ, ಇಲ್ಲಿಗೆ ಬಂದ ಮೇಲೆ ಶುರುವಾಯಿತು" ಎನ್ನುತ್ತಾರೆ. ಇಲ್ಲಿಯ ನಲ್ಲಿಗೆ ಬರುವುದು ತಾನ್ಸಾ, ವೈತರಣಾ, ಭಾತ್ಸಾ ಕೆರೆಗಳ ಮಳೆನೀರು. ನಮ್ಮ ಬಯಲುಸೀಮೆಯ ಎಷ್ಟೋ ಕೊಳವೆಬಾವಿಗಳ ಗಡಸು ನೀರಿಗಿಂತ ಮೆದು. ತಪ್ಪು ನೀರಿನದಲ್ಲ, ನೀರು ಬರುವ ಹೊತ್ತಿನದು. ಬೆಳಿಗ್ಗೆ ನಲ್ಲಿ ಬರುವ ಅಷ್ಟು ಹೊತ್ತಿನಲ್ಲೇ ಪಾತ್ರೆ, ಬಟ್ಟೆ, ಐದು ಜನರ ಸ್ನಾನ. ಊರಿನ ಹಂಡೆ ಎಲ್ಲಿ, ಇಲ್ಲಿಯ ಒಂದು ಬಾಲ್ದಿ ಎಲ್ಲಿ! ಮಾರುದ್ದ ಕೂದಲಿನ ಹುಡುಗಿ ಭಾನುವಾರ ಮಾತ್ರ ತಲೆಗೆ ನೀರು ಹಾಕಿಕೊಳ್ಳುತ್ತಾಳೆ, ಅದೂ ಅರೆಬರೆ. ಬಳಿಕ ಒದ್ದೆ ಕೂದಲನ್ನೇ ಬಿಗಿದು ಹೆಣೆದು ಜಿಟಿಬಿ ನಗರದಿಂದ ಲೋಕಲ್ ಹಿಡಿಯುವುದು. ಜಿಡ್ಡು ಕೂಡದೆ ಏನು ಮಾಡೀತು? ಹೊಟ್ಟಿರುವವರು ವಾರಕ್ಕೆ ಎರಡು ಮೂರು ಬಾರಿ ತಲೆ ತೊಳೆಯಬೇಕು. ಹಿಂದಿನ ರಾತ್ರಿಯೇ ಒಂದು ಬಾಲ್ದಿ ನೀರು ಎತ್ತಿಟ್ಟುಕೊಂಡರೆ ಆಗದ ಕೆಲಸವೇನಲ್ಲ.

ತೊಳೆಯಲು ಯಾವುದು? ಮಾಟುಂಗದ ಅಂಗಡಿಗಳಲ್ಲಿ ಸೀಗೇಕಾಯಿ, ಅಂಟುವಾಳ ಸಿಗುತ್ತವೆ. ನೊರೆ ಬರಿಸಿ ಜಿಡ್ಡು ತೆಗೆಯುವುದರಲ್ಲಿ ಒಳ್ಳೆಯವೇ. ಆದರೆ ನಯವಾಗಿ ಸೋಸದ ಪುಡಿಯ ಚೂರುಗಳು ನೆತ್ತಿಯಲ್ಲಿ ಉಳಿದರೆ ಅವೇ ಹೊಟ್ಟಿನಂತೆ ಉದುರುತ್ತವೆ! ಮೊಸರು, ಮೆಂತ್ಯದಿಂದ ಕೆಲವರಿಗೆ ಕಡಿತ ತಣಿಯಬಹುದು. ಹಠಮಾರಿ ಹೊಟ್ಟು ಅವಕ್ಕೆ ಬಗ್ಗುವುದಿಲ್ಲ. ನಿಂಬೆರಸ ಬೇಡ, ಕೆರೆದ ನೆತ್ತಿ ಉರಿಯುತ್ತದೆ.

ಶಾಂಪೂ ಎಂದರೆ ಮೂಗು ಮುರಿಯುವ ಹಿರಿಯರಿಗೆ ಒಂದು ಮಾತು. ಆ ಶಬ್ದ ನಮ್ಮ ನಾಡಿನದೇ, ತಲೆ ಮೈ ಒತ್ತುವ 'ಚಂಪಿ'ಯಿಂದ ಹೋದದ್ದು. ಪಾಟ್ನಾದಲ್ಲಿ ಹುಟ್ಟಿದ ದೀನ್ ಮಹಮ್ಮದ್ ಎಂಬವರು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಸ್ನಾನಗೃಹ ತೆರೆದು ಅಲ್ಲಿನ ರಾಜನಿಗೇ ಚಂಪಿ ಮಾಡಿದವರು.

ಮದ್ದಿನ ಶಾಂಪೂಗಳಲ್ಲಿ ಕೀಟೊಕೊನಜೋಲ್, ಝಿಂಕ್ ಪೈರಿಥಿಯೋನ್, ಸೆಲೆನಿಯಮ್ ಸಲ್ಫೈಡ್ ಎಂಬವು ಆ ಜೀವಿಯ ಸಂಖ್ಯೆಯನ್ನು ತಗ್ಗಿಸುತ್ತವೆ. ನಾನು ನೋಡಿದ ಹತ್ತು ಜನರಲ್ಲಿ ಒಂಬತ್ತು ಜನ ಮಾಡುವ ತಪ್ಪೊಂದಿದೆ: ಹಚ್ಚಿದ ಕೂಡಲೆ ತೊಳೆದುಬಿಡುವುದು. ಕೂದಲಿಗಲ್ಲ, ನೆತ್ತಿಗೆ ಹಚ್ಚಿ. ಉಗುರಿನಿಂದಲ್ಲ, ಬೆರಳ ತುದಿಯಿಂದ ತಿಕ್ಕಿ. ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಿರಿ. ಕೀಟೊಕೊನಜೋಲ್ ಆದರೆ ವಾರಕ್ಕೆರಡು ಬಾರಿಯಂತೆ ಎರಡರಿಂದ ನಾಲ್ಕು ವಾರ, ಆಮೇಲೆ ವಾರಕ್ಕೋ ಎರಡು ವಾರಕ್ಕೋ ಒಮ್ಮೆ. ಸೆಲೆನಿಯಮ್ ಬಳಸುವಾಗ ಸರ, ಉಂಗುರ ತೆಗೆದಿಡಿ, ಬಣ್ಣ ಕೆಡುತ್ತದೆ. ಪೂರ್ತಿ ನಿಲ್ಲಿಸಿದರೆ ಹೊಟ್ಟು ಮತ್ತೆ ಬರುತ್ತದೆ. ಅದು ಮದ್ದಿನ ಸೋಲಲ್ಲ. ಗುಡಿಸಿದ ಅಂಗಳಕ್ಕೆ ಮಾರನೆಯ ದಿನ ಎಲೆ ಬೀಳುವುದಿಲ್ಲವೆ?

ಒಂದು ತಪ್ಪು ನನ್ನದೂ ಇದೆ. ಮೂವತ್ತು ವರ್ಷ ದಾದಿಯಾಗಿದ್ದವಳು ನಾನು. ಆದರೂ ಹುಬ್ಬಿನ ಬಳಿ, ಕಿವಿಯ ಹಿಂದೆ ಹೊಟ್ಟು ಇಳಿದಾಗ ಒಂದು ಔಷಧಿ ಅಂಗಡಿಯವನು ಕೊಟ್ಟ ಟ್ಯೂಬನ್ನು ತಿಂಗಳುಗಟ್ಟಲೆ ಹಚ್ಚಿಕೊಂಡೆ. ಮೂರೇ ದಿನದಲ್ಲಿ ಮಾಯ, ಬಿಟ್ಟರೆ ಇಮ್ಮಡಿ. ಅದರಲ್ಲಿದ್ದದ್ದು ಸ್ಟೀರಾಯ್ಡ್. ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳ್ಳಗಾಗಿ ಕೆಂಪು ನರಗಳು ಕಾಣತೊಡಗಿದ ಮೇಲೆ ಬುದ್ಧಿ ಬಂತು. ಇಂಥ ಹಲವು ಮುಲಾಮುಗಳನ್ನು ಡಾಕ್ಟರರ ಚೀಟಿ ಇಲ್ಲದೆ ಮಾರಕೂಡದೆಂದು 2018ರಲ್ಲಿ ಕೇಂದ್ರ ಸರಕಾರ ಆಜ್ಞೆ ಮಾಡಿದೆ. ನೀವೂ ಚೀಟಿ ಇಲ್ಲದೆ ಕೇಳಬೇಡಿ.

ಹೊಟ್ಟಿನ ವೇಷ ಹಾಕಿ ಬರುವ ಬೇರೆ ರೋಗಗಳೂ ಇವೆ. ಬೆಳ್ಳಿಯಂಥ ದಪ್ಪ ಚಕ್ಕೆ, ಮೊಣಕೈ ಮೊಣಕಾಲಲ್ಲೂ ಅದೇ ಇದ್ದರೆ ಸೋರಿಯಾಸಿಸ್ ಇರಬಹುದು. ಚಿಕ್ಕ ಮಗುವಿನ ತಲೆಯಲ್ಲಿ ದುಂಡಗೆ ಕೂದಲು ಮುರಿದು ಬೋಳಾದರೆ ಅದು ಹುಳುಕಡ್ಡಿ. ಅದು ನಿಜವಾಗಿ ಅಂಟುತ್ತದೆ, ಹೊಟ್ಟೆಗೆ ಔಷಧ ಬೇಕು. ಕೂದಲಿಗೇ ಅಂಟಿ ಕೊಡವಿದರೂ ಬೀಳದ ಬಿಳಿಚುಕ್ಕೆ ಹೇನಿನ ಸೀರು. ರಸಿಕೆ, ನೋವು, ಕೂದಲು ಬಣ್ಣ ಹಚ್ಚಿದ ಮೇಲೆ ಬಾವು, ಅಥವಾ ಒಂದು ತಿಂಗಳ ಶಾಂಪೂವಿಗೂ ಜಗ್ಗದ ಹೊಟ್ಟು, ಇವಕ್ಕೆಲ್ಲ ಮನೆಮದ್ದು ಸಾಲದು. ಸಾಯನ್ ಆಸ್ಪತ್ರೆ ನಮಗೆ ದೂರವೇನಲ್ಲ, ಚರ್ಮದ ವಿಭಾಗವಿದೆ, ತೋರಿಸಿ.

ಗದಗದ ಹುಡುಗಿಗೆ ಐದನೆಯ ವಾರಕ್ಕೆ ಮುಕ್ಕಾಲು ಪಾಲು ಇಳಿದಿದೆ. ಹಾಸಿಗೆ ಒಳಗೆ ಬಂದಿದೆ. ಬಾಚಣಿಗೆಯ ಕೆಂಪು ದಾರವನ್ನು ಮಾತ್ರ ಅಜ್ಜಿ ಬಿಚ್ಚಿಲ್ಲ. ಹೇನಿನ ಕಾಟಕ್ಕಾದರೂ ಬಾಚಣಿಗೆ ಬೇರೆ ಇರುವುದು ಒಳ್ಳೆಯದೆಂದು ನಾನೂ ಸುಮ್ಮನಾದೆ.

ವಡಾಲದ ಓದುಗರೊಬ್ಬರು ಮೂರು ತಿಂಗಳ ಕೂಸಿನ ನೆತ್ತಿಯಲ್ಲಿ ಹಳದಿ ಹಕ್ಕಳೆ ಕಟ್ಟಿದೆ, ಕೆರೆದು ತೆಗೆಯಲೆ ಎಂದು ಕೇಳಿದ್ದಾರೆ. ಕೆರೆಯಬೇಡಿ. ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಮೆತ್ತಗಾದ ಮೇಲೆ ಮೃದುವಾದ ಬ್ರಷ್ಷಿನಿಂದ ಬಿಡಿಸಿ ತೊಳೆಯಿರಿ. ಕೆಲವು ತಿಂಗಳಲ್ಲಿ ತಾನೇ ಹೋಗುತ್ತದೆ. ಕೆಂಪಾಗಿ ಮೈಗೆಲ್ಲ ಹರಡಿದರೆ ಮಾತ್ರ ಮಕ್ಕಳ ಡಾಕ್ಟರರಿಗೆ ತೋರಿಸಿ.