ರಾಜದ್ರೋಹವೆಲ್ಲ ದೇಶದ್ರೋಹವಲ್ಲ

ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮ ಇರಿಸಿದ ಸ್ಮಾರಕವಿದೆ. ಆ ಊರು ಕೈಮುಗಿಯುವ ಈ ಮನುಷ್ಯ ಕಾನೂನಿನ ಕಡತದಲ್ಲಿ ಶಿಕ್ಷೆಗೊಳಗಾದ ರಾಜದ್ರೋಹಿ. ‘ಯಂಗ್ ಇಂಡಿಯಾ’ದಲ್ಲಿ ಬರೆದ ಲೇಖನಗಳಿಗಾಗಿ 1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ಅವರಿಗೆ ಆರು ವರ್ಷ ಸಜೆಯಾಯಿತು. ಕಲಂ 124-ಎ. ಆರೋಪವನ್ನು ಅವರು ಅಲ್ಲಗಳೆಯಲಿಲ್ಲ, ಒಪ್ಪಿಕೊಂಡರು. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯವರ ತಲೆಯ ಮೇಲೂ ಅದೇ ಕಲಂ ತೂಗುತ್ತಿತ್ತು.

ಈ ಕಲಮಿನಡಿ ಕೇಸು ಬಿದ್ದಾಗಲೆಲ್ಲ ನಮ್ಮ ಸುದ್ದಿವಾಹಿನಿಗಳು ‘ದೇಶದ್ರೋಹ’ ಎಂದು ಕೂಗಿವೆ. ಹಾಗಾದರೆ ಗಾಂಧಿ ದೇಶದ್ರೋಹಿಯೇ?

ಭಾರತೀಯ ದಂಡ ಸಂಹಿತೆಯಲ್ಲಿ ದೇಶದ್ರೋಹ ಎಂಬ ಹೆಸರಿನ ಅಪರಾಧವೇ ಇರಲಿಲ್ಲ. ಅದಕ್ಕೆ ಹತ್ತಿರದ್ದು ಕಲಂ 121: ಸರ್ಕಾರದ ವಿರುದ್ಧ ಯುದ್ಧ ಹೂಡುವುದು, ಅದಕ್ಕೆ ಯತ್ನಿಸುವುದು, ಕುಮ್ಮಕ್ಕು ಕೊಡುವುದು. ಶಿಕ್ಷೆ ಮರಣದಂಡನೆ ಅಥವಾ ಜೀವಾವಧಿ. ಬ್ರಿಟಿಷರು 1870ರಲ್ಲಿ ಸೇರಿಸಿದ 124-ಎ ಬೇರೆಯದೇ ಕಥೆ: ಮಾತು, ಬರಹ, ಸಂಜ್ಞೆಗಳಿಂದ ಸರ್ಕಾರದ ಮೇಲೆ ದ್ವೇಷ, ಅಪ್ರೀತಿ ಹುಟ್ಟಿಸುವುದು. ಅಲ್ಲಿ ಕತ್ತಿ, ಇಲ್ಲಿ ನಾಲಿಗೆ. ಹಿಂಸೆಗೆ ಪ್ರಚೋದನೆಯಿಲ್ಲದ ಬರೀ ಟೀಕೆ ರಾಜದ್ರೋಹವೂ ಅಲ್ಲವೆಂದು 1962ರಲ್ಲೇ ಕೇದಾರನಾಥ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು.

ಆದರೂ 2020ರಲ್ಲಿ ಬೀದರಿನ ಶಾಲೆಯೊಂದರ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ನಾಟಕವಾಡಿದ್ದಕ್ಕೆ ಇದೇ ಕಲಂ ಬಿತ್ತು. ಒಬ್ಬ ತಾಯಿ, ಒಬ್ಬ ಮುಖ್ಯೋಪಾಧ್ಯಾಯಿನಿ ಜೈಲು ಕಂಡರು. ಮಕ್ಕಳನ್ನೂ ಪೊಲೀಸರು ವಿಚಾರಿಸಿದರು. ಶಾಲೆಯ ಆಡಳಿತದವರ ಮೇಲಿನ ಪ್ರಕರಣವನ್ನು ಹೈಕೋರ್ಟ್ ರದ್ದು ಮಾಡಿದ್ದು 2023ರ ಜೂನ್‌ನಲ್ಲಿ. ‘ದೇಶದ್ರೋಹಿ’ ಎಂಬ ಹಣೆಪಟ್ಟಿಯನ್ನು ರದ್ದು ಮಾಡುವ ಕೋರ್ಟು ಯಾವುದು?

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ‘ರಾಜದ್ರೋಹ’ ಎಂಬ ಪದ ಹೋಯಿತು, ಸಂತೋಷ. ಆದರೆ ಕಲಂ 152 ಓದಿ: ಮಾತು, ಬರಹ, ಸಂಜ್ಞೆಗಳು ಅಲ್ಲೇ ಇವೆ. ಸರ್ಕಾರವಿದ್ದ ಜಾಗಕ್ಕೆ ದೇಶದ ಸಾರ್ವಭೌಮತೆ, ಏಕತೆ, ಅಖಂಡತೆ ಬಂದಿವೆ. ಜೀವಾವಧಿ ಹಾಗೇ ಉಳಿದು, ಅದಲ್ಲದಿದ್ದರೆ ಮೂರು ವರ್ಷದವರೆಗೆ ಇದ್ದ ಸಜೆ ಏಳಕ್ಕೇರಿದೆ. ಪತ್ರಿಕೆಗಳ ಪದಗೊಂದಲವೇ ಈಗ ಕಾನೂನಾಗಿ ಕೂತಂತಿದೆ.

ಸರ್ಕಾರ ಐದು ವರ್ಷಕ್ಕೊಮ್ಮೆ ಬದಲಾಗಬಹುದು, ದೇಶ ಬದಲಾಗುವುದಿಲ್ಲ. ಇವೆರಡನ್ನು ಒಂದೇ ಪದದಲ್ಲಿ ಕಟ್ಟಿಹಾಕಿದರೆ ಲಾಭ ಆಳುವವರಿಗೆ. ಮುಂದಿನ ಸಲ ‘ದೇಶದ್ರೋಹ’ ಎಂಬ ತಲೆಬರಹ ಕಂಡರೆ ಎರಡೇ ಪ್ರಶ್ನೆ ಕೇಳಿ: ಯಾವ ಕಲಂ? ಅವರು ಮಾಡಿದ್ದೇನು, ಆಡಿದ್ದೇನು?