ಇಲ್ಲದ ಹಸ್ತಪ್ರತಿಯ ಸಂಪಾದಕಿ: ಎಂಚಿ ಫುಮಿಕೊ

ಜಪಾನಿನ ಕಾದಂಬರಿಕಾರ್ತಿ ಎಂಚಿ ಫುಮಿಕೊ (1905–1986) ಅವರನ್ನು ಪರಿಚಯಿಸುವ ಬರಹಗಳು ಬಹುಮಟ್ಟಿಗೆ ಒಂದೇ ಜಾಡಿನಲ್ಲಿ ಸಾಗುತ್ತವೆ. ಸುಖವಿಲ್ಲದ ದಾಂಪತ್ಯ, 1938ರಲ್ಲಿ ಸ್ತನದ ಶಸ್ತ್ರಚಿಕಿತ್ಸೆ, 1945ರ ವೈಮಾನಿಕ ದಾಳಿಯಲ್ಲಿ ಭಸ್ಮವಾದ ಮನೆ, ಮರುವರ್ಷ ಗರ್ಭಕೋಶವನ್ನೂ ಕಳೆದುಕೊಂಡದ್ದು. ಇಷ್ಟನ್ನೂ ಸಹಿಸಿದ ಹೆಣ್ಣು ಐವತ್ತರ ಹೊಸ್ತಿಲಲ್ಲಿ ಕೀರ್ತಿವಂತಳಾದಳು ಎಂಬ ಕಥನ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಲೇಖಕಿಯೊಬ್ಬಳ ಕೃತಿಗಳನ್ನು ಆಕೆಯ ನೋವಿನ ದಾಖಲೆಯೆಂದು ಓದುವ ಅಭ್ಯಾಸ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಆಕೆಯ ವಿದ್ವತ್ತು ಕಣ್ಣಿಗೆ ಬೀಳುವುದೇ ಇಲ್ಲ. ಎಂಚಿಯವರ ವಿಷಯದಲ್ಲಿ ಇದು ದೊಡ್ಡ ಅನ್ಯಾಯ.

ಅವರ ತಂದೆ ಉಎದಾ ಕಜುತೋಶಿ ಆಧುನಿಕ ಜಪಾನಿ ಭಾಷಾಶಾಸ್ತ್ರದ ಆದ್ಯರಲ್ಲೊಬ್ಬರು, ಟೋಕಿಯೋ ಸಾಮ್ರಾಜ್ಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಮಗಳು ಹದಿನೇಳರ ಪ್ರಾಯದಲ್ಲಿ ಶಾಲೆ ಬಿಟ್ಟಳು. ಮನೆಯಲ್ಲೇ ಇಂಗ್ಲಿಷ್, ಫ್ರೆಂಚ್, ಚೀನೀ ಅಭಿಜಾತ ಸಾಹಿತ್ಯಗಳ ಪಾಠವಾಯಿತು. ಅಜ್ಜಿಯ ಬಾಯಿಂದ ಎದೊ ಕಾಲದ ಕಥೆಗಳು, ಕಬುಕಿ ನಾಟಕಗಳು ಕಿವಿಗೆ ಬಿದ್ದವು. ಪದವಿಯಿಲ್ಲದ ಪಾಂಡಿತ್ಯವೆಂದರೆ ಇದೇ. ಮೊದಲು ಒಲಿದದ್ದು ನಾಟಕ. 1928ರ ಡಿಸೆಂಬರಿನಲ್ಲಿ ಅವರ ನಾಟಕವೊಂದು ತ್ಸುಕಿಜಿ ಕಿರುರಂಗಮಂದಿರದಲ್ಲಿ ಪ್ರಯೋಗವಾಯಿತು. ಆ ಸಂತೋಷಕೂಟದಲ್ಲಿಯೇ ರಂಗಗುರು ಒಸನಾಯಿ ಕಾಓರು ಕುಸಿದು ಬಿದ್ದು ತೀರಿಕೊಂಡರು.

1957ರಲ್ಲಿ ನೋಮಾ ಪ್ರಶಸ್ತಿ ಪಡೆದ ‘ಒನ್ನಾಜಕಾ’ ಅವರ ಅತ್ಯಂತ ಪ್ರಸಿದ್ಧ ಕಾದಂಬರಿ. ಮೇಜಿ ಕಾಲದ ಅಧಿಕಾರಿಯೊಬ್ಬ ತನಗೊಬ್ಬ ಉಪಪತ್ನಿಯನ್ನು ಆಯ್ದು ತರಲು ಹೆಂಡತಿ ತೋಮೊಳನ್ನೇ ಟೋಕಿಯೋಗೆ ಕಳುಹಿಸುತ್ತಾನೆ. ದೇಗುಲದ ಗುಡ್ಡಕ್ಕೆ ಎರಡು ದಾರಿಗಳಿದ್ದರೆ ಕಡಿದಾದದ್ದು ಗಂಡು ಏರು, ಸುತ್ತಿಬಳಸಿ ಹೋಗುವ ಸಲೀಸಾದದ್ದು ಹೆಣ್ಣು ಏರು. ಶೀರ್ಷಿಕೆಯ ಅರ್ಥ ಈ ಎರಡನೆಯದು. ಸಲೀಸೆಂದು ಹೆಸರಾದ ದಾರಿಯಲ್ಲಿ ಉಸಿರುಗಟ್ಟಿ ಏರುವವಳ ಕಥೆ ಎಂಬುದೇ ಇಲ್ಲಿನ ವ್ಯಂಗ್ಯ. ಇಂಗ್ಲಿಷ್ ಅನುವಾದದ ಶೀರ್ಷಿಕೆ ಇದನ್ನು ‘ಕಾಯುವಿಕೆಯ ವರ್ಷಗಳು’ ಎಂದು ಮಾರ್ಪಡಿಸಿತು. ಏರುವುದಕ್ಕೂ ಕಾಯುವುದಕ್ಕೂ ಇರುವ ಅಂತರ ಅಲ್ಪವಲ್ಲ. ಇಂಗ್ಲಿಷಿನ ಮೂಲಕವೇ ಜಪಾನನ್ನು ಓದುವ ನಾವು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಮರುವರ್ಷದ ‘ಒನ್ನಾಮೆನ್’ ಕಾದಂಬರಿಯ ಭಾಗಗಳಿಗೆ ನೋ ನಾಟಕದ ಸ್ತ್ರೀ ಮುಖವಾಡಗಳ ಹೆಸರುಗಳಿವೆ. ಅದರ ನಡುವೆ ‘ಗೆಂಜಿ ಮೊನೊಗತಾರಿ’ಯ ರೊಕುಜೊ ಎಂಬ ಪಾತ್ರವನ್ನು ಕುರಿತ ಒಂದು ಸಂಶೋಧನ ಪ್ರಬಂಧವೇ ಬರುತ್ತದೆ, ನಾಯಕಿ ಮಿಏಕೊ ಬರೆದದ್ದೆಂಬ ನೆಪದಲ್ಲಿ. ಪ್ರಬಂಧವನ್ನು ತೆಗೆದರೆ ಕಾದಂಬರಿ ನಿಲ್ಲುವುದಿಲ್ಲ.

ಆದರೆ ನನ್ನ ದೃಷ್ಟಿಯಲ್ಲಿ ಎಂಚಿಯವರ ಶ್ರೇಷ್ಠ ಸಾಧನೆ 1965ರ ‘ನಮಮಿಕೊ ಮೊನೊಗತಾರಿ’. ಗ್ರಂಥಸಂಪಾದನೆಯ ಗಂಧವಿದ್ದವರಾರೂ ಇದರ ಮೊದಲ ಪುಟಗಳನ್ನು ನಿರ್ಲಿಪ್ತರಾಗಿ ಓದಲಾರರು. ವಿದ್ವಾಂಸ ಬೆಸಿಲ್ ಹಾಲ್ ಚೇಂಬರ್ಲೇನ್ ತನ್ನ ತಂದೆಗೆ ಕೊಟ್ಟ ಪುಸ್ತಕಗಳಲ್ಲಿ ಈ ಹೆಸರಿನ ಹಳೆಯ ಪ್ರತಿಯೊಂದನ್ನು ಬಾಲ್ಯದಲ್ಲಿ ಓದಿದ್ದೆ. ಪ್ರತಿ ಈಗ ಇಲ್ಲ. ನೆನಪಿನಿಂದ ಪುನಾರಚಿಸುತ್ತಿದ್ದೇನೆ ಎನ್ನುತ್ತಾಳೆ ನಿರೂಪಕಿ. ಚೇಂಬರ್ಲೇನ್ ನಿಜ, ತಂದೆ ನಿಜ, ಅವರ ಗುರುಶಿಷ್ಯ ಸಂಬಂಧವೂ ನಿಜ. ಹಸ್ತಪ್ರತಿ ಮಾತ್ರ ಹುಸಿ. ಪ್ರಾಚೀನ ಗದ್ಯದ ಭಾಷೆಯಲ್ಲಿ ‘ಉದ್ಧರಣೆ’ಗಳನ್ನು ಸ್ವತಃ ಸೃಷ್ಟಿಸಿ, ಅವನ್ನು ‘ಎಯಿಗಾ ಮೊನೊಗತಾರಿ’ ಎಂಬ ನಿಜವಾದ ಪ್ರಾಚೀನ ಕೃತಿಯ ಭಾಗಗಳೊಡನೆ ಹೆಣೆದು, ಎರಡರ ಪಾಠಗಳನ್ನು ಗಂಭೀರವಾಗಿ ಹೋಲಿಸುತ್ತಾ ಹೋಗುತ್ತಾರೆ.

ಇದು ಬರಿಯ ಚಮತ್ಕಾರವೇ? ಅಲ್ಲ. ‘ಎಯಿಗಾ’ ಫುಜಿವಾರಾ ಮಿಚಿನಾಗನ ವೈಭವವನ್ನು ಹೊಗಳುವ ಕೃತಿ. ಶಾಸನಗಳ ಪ್ರಶಸ್ತಿಭಾಗಗಳನ್ನು ಓದಿ ಬಲ್ಲವರಿಗೆ ಅದರ ಧಾಟಿ ಹೊಸದೆನಿಸದು. ಚಕ್ರವರ್ತಿ ಇಚಿಜೊವಿನ ಮೆಚ್ಚಿನ ರಾಣಿ ತೇಶಿ. ಮಿಚಿನಾಗ ತನ್ನ ಎಳೆಯ ಮಗಳು ಶೋಶಿಯನ್ನು ಅಂತಃಪುರಕ್ಕೆ ಸೇರಿಸಿ, ತೇಶಿಗೆ ಸಮಾನವಾದ ಪಟ್ಟ ಕಟ್ಟಿಸಿದ. ಅಣ್ಣ ಗಡೀಪಾರಾಗಿ, ಆಸರೆಯಿಲ್ಲದಾದ ತೇಶಿ ಮೂರನೆಯ ಹೆರಿಗೆಯಲ್ಲಿ ತೀರಿಕೊಂಡಳು. ಗೆದ್ದವರ ಚರಿತ್ರೆ ಇಷ್ಟನ್ನು ಮೃದುವಾಗಿ ಹೇಳಿ ಮುಂದೆ ಸಾಗುತ್ತದೆ. ಎಂಚಿಯವರ ‘ಕಳೆದುಹೋದ ಪ್ರತಿ’ ಅಲ್ಲಿ ನಿಲ್ಲುತ್ತದೆ. ತೇಶಿಯ ಪ್ರೇತಬಾಧೆ ತಗುಲಿದೆಯೆಂದು ನಂಬಿಸಲು ಮಿಚಿನಾಗ ಮೈದುಂಬುವ ಹೆಂಗಸರನ್ನು ನೇಮಿಸಿದನೆಂದು ಅದು ಆರೋಪಿಸುತ್ತದೆ. ಹುಸಿ ಹಸ್ತಪ್ರತಿಯೊಂದು ಹುಸಿ ಆವೇಶವನ್ನು ಬಯಲಿಗೆಳೆಯುತ್ತದೆ! ಮಾತೃಕೆಯಿಲ್ಲದಿದ್ದರೆ ಸೋತವರಿಗೆ ಚರಿತ್ರೆಯೂ ಇಲ್ಲವೇ ಎಂಬ ಪ್ರಶ್ನೆಯನ್ನು ಅವರು ವಾದವಾಗಿ ಮಂಡಿಸದೆ, ಮಾತೃಕೆಯನ್ನೇ ಕಲ್ಪಿಸಿ ಕೇಳಿದರು. ಕಲ್ಪಿತ ಪ್ರಮಾಣಗಳು ಚರಿತ್ರೆಗೆ ಮಾಡುವ ಹಾನಿಯನ್ನು ಬಲ್ಲ ನನಗೆ ಈ ಕೃತಿ ಮೊದಲು ಕಸಿವಿಸಿ ತಂದಿತ್ತು. ಆದರೆ ಕಾದಂಬರಿಯೆಂದು ಹೆಸರಿಟ್ಟು ಕೊಟ್ಟದ್ದು ಕೂಟಗ್ರಂಥವಾಗದು. ಅದು ನಾವು ಪ್ರಮಾಣವೆಂದು ನಂಬಿದ್ದರ ಮೇಲಿನ ಭಾಷ್ಯ.

ಈ ಕೃತಿಗೆ 1966ರಲ್ಲಿ ಮಹಿಳಾ ಸಾಹಿತ್ಯ ಪ್ರಶಸ್ತಿ, ಮತ್ತೊಂದು ಕಾದಂಬರಿತ್ರಯಕ್ಕೆ 1969ರಲ್ಲಿ ತನಿಜಾಕಿ ಪ್ರಶಸ್ತಿ, 1985ರಲ್ಲಿ ಸಂಸ್ಕೃತಿ ಪದಕ ಬಂದವು. ಇವುಗಳ ನಡುವೆ, ಕಣ್ಣಿನ ಬೇನೆಯೊಡನೆ ಹೆಣಗುತ್ತಲೇ, ‘ಗೆಂಜಿ’ಯನ್ನು ಇಡಿಯಾಗಿ ಆಧುನಿಕ ಜಪಾನಿಗೆ ತಂದರು, ಅದು 1972–73ರಲ್ಲಿ ಹೊರಬಂದಿತು. ಯೊಸಾನೊ ಅಕಿಕೊ, ತನಿಜಾಕಿ ಅವರಂಥವರು ಮಾಡಿಟ್ಟ ಕೆಲಸವನ್ನು ಮತ್ತೆ ಕೈಗೆತ್ತಿಕೊಳ್ಳಲು ಪಾಂಡಿತ್ಯದ ಧೈರ್ಯ ಬೇಕು. ನೋವುಂಡ ಅನುಭವವೊಂದೇ ಸಾಲದು.

ನಮ್ಮ ವಿಶ್ವವಿದ್ಯಾಲಯಗಳ ಸ್ತ್ರೀವಾದಿ ಸಾಹಿತ್ಯದ ಪಟ್ಟಿಗಳಿಗೆ ಎಂಚಿ ಸೇರುವುದಾದರೆ ಸಂತೋಷವೇ. ಆದರೆ ‘ನಮಮಿಕೊ’ವನ್ನು ಗ್ರಂಥಸಂಪಾದನಾಶಾಸ್ತ್ರದ ತರಗತಿಯಲ್ಲಿ, ಪಾಠಾಂತರ ನಿರ್ಣಯದ ಅಧ್ಯಾಯದ ಪಕ್ಕದಲ್ಲಿ ಇರಿಸಬೇಕೆಂದು ನಾನು ಹೇಳುತ್ತೇನೆ. ರೋಜರ್ ಥಾಮಸ್ ಅವರ ಇಂಗ್ಲಿಷ್ ಅನುವಾದ 2000ದಲ್ಲೇ ಪ್ರಕಟವಾಗಿದೆ.